ಹಾಡಿಗೆ ಮಂಗಳ ಹಾಡುವವರು

ಯಾವ ಕೆಲಸ ಮುಗಿದರೂ 'ಮಂಗಳ ಹಾಡಿದರು' ಎನ್ನುವುದು ನಮ್ಮ ಮಾತಿನ ವಾಡಿಕೆ. ಸಂಘ ಮುಚ್ಚಿದರೂ ಮಂಗಳ ಹಾಡಿದರು, ಅಂಗಡಿ ಎತ್ತಿದರೂ ಮಂಗಳ ಹಾಡಿದರು. ಆಡುವಾಗ ಅದರಲ್ಲಿ ಕೊಂಚ ಕುಹಕ ಸೇರಿಕೊಂಡಿರುತ್ತದೆ, ನಿಜ. ಆದರೆ ಆ ಮಾತಿನ ಹಿಂದೆ ನಮ್ಮ ಹಿರಿಯರ ಒಂದು ತಿಳಿವಳಿಕೆಯಿದೆ. ಶುರು ಮಾಡುವುದಕ್ಕೆ ಒಂದು ಹಾಡು ಬೇಕಾದಂತೆ ಮುಗಿಸುವುದಕ್ಕೂ ಒಂದು ಹಾಡು ಬೇಕು ಎಂಬ ತಿಳಿವಳಿಕೆ ಅದು. ಹರಿಕಥೆಯಾಗಲಿ, ಯಕ್ಷಗಾನವಾಗಲಿ, ಸಂಗೀತ ಕಚೇರಿಯಾಗಲಿ, ಮದುವೆಮನೆಯ ಆರತಿಯಾಗಲಿ, ಹೇಳಿಕೇಳಿ ಮುಗಿಯುತ್ತಿತ್ತು. ಮುಗಿಯಿತೆಂದು ಹಾಡುವವರಿಗೂ ಗೊತ್ತಾಗುತ್ತಿತ್ತು, ಕೇಳುವವರಿಗೂ ಗೊತ್ತಾಗುತ್ತಿತ್ತು.

ಈಗ ಹಾಡಿನ ಕೊನೆ ಯಾರ ಕೈಯಲ್ಲಿದೆ ಎಂದು ಕೇಳಿದರೆ ಉತ್ತರ ಸುಲಭವಲ್ಲ. ನಮ್ಮ ಸಕಲೇಶಪುರ, ಆಲೂರು ಕಡೆಯ ಶಾಲೆಗಳಲ್ಲಿ ಡಿಸೆಂಬರ್, ಜನವರಿ ಬಂತೆಂದರೆ ವಾರ್ಷಿಕೋತ್ಸವಗಳ ಸಾಲು. ಕಾಫಿ ಕೊಯ್ಲಿನ ದಿನಗಳವು. ತಾಯಂದಿರು ತೋಟದ ಕೆಲಸ ಮುಗಿಸಿ, ಮುಖ ತೊಳೆದು, ಚಿಕ್ಕ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಚಳಿಯಲ್ಲಿ ಬಂದು ಕೂರುತ್ತಾರೆ. ಮಕ್ಕಳ ನೃತ್ಯಕ್ಕೆ ಹಾಡು ಬರುವುದು ಮೊಬೈಲಿನಿಂದ, ಇಲ್ಲವೆ ಪೆನ್ ಡ್ರೈವ್‌ನಿಂದ. ಕೊನೆಯ ಸಾಲಿಗೆ ಎಲ್ಲರೂ ಮಂಡಿಯೂರಬೇಕು, ನಡುವಿನ ಹುಡುಗಿ ಎರಡೂ ಕೈ ಎತ್ತಿ ನಿಲ್ಲಬೇಕು ಎಂದು ವಾರಗಟ್ಟಲೆ ಅಭ್ಯಾಸ ಮಾಡಿಸಿರುತ್ತೇವೆ. ಆ ಸಾಲು ಬರುವ ಮುಂಚೆಯೇ ಸದ್ದು ಸಣ್ಣಗಾಗುತ್ತದೆ, ಅದರ ಮೇಲೆಯೇ ಮುಂದಿನ ಹಾಡಿನ ತಮಟೆ ಶುರುವಾಗುತ್ತದೆ. ಕೈ ಎತ್ತಬೇಕೋ ಇಳಿಸಬೇಕೋ ತಿಳಿಯದೆ ಮಗು ನಮ್ಮ ಮುಖ ನೋಡುತ್ತದೆ. "ಟೈಮ್ ಆಯ್ತು ಮೇಡಂ, ಫೇಡ್ ಮಾಡ್ದೆ ಅಷ್ಟೆ" ಎನ್ನುತ್ತಾನೆ ಮೈಕ್‌ಸೆಟ್ಟಿನ ಹುಡುಗ. ಅವನ ಪಾಲಿಗೆ ಅದು ಮರ್ಯಾದೆಯ ಕೆಲಸ. ತಟ್ಟನೆ ನಿಲ್ಲಿಸಲಿಲ್ಲವಲ್ಲ!

ಫೇಡ್ ಎಂದರೆ ಸದ್ದನ್ನು ಮೆಲ್ಲಗೆ ತಗ್ಗಿಸುತ್ತಾ ಹೋಗಿ ಇಲ್ಲವಾಗಿಸುವುದು, ಇಲ್ಲವೆ ಇಲ್ಲದ್ದರಿಂದ ಮೆಲ್ಲಗೆ ಏರಿಸುವುದು. ಮೊದಲು ಇದು ಆಕಾಶವಾಣಿಯ ಮತ್ತು ರೆಕಾರ್ಡಿಂಗ್ ಸ್ಟುಡಿಯೋದ ಕೈಕಸುಬಾಗಿತ್ತು. ಈಗ ಯಾವ ಮೊಬೈಲಿನಲ್ಲಾದರೂ, ಯಾವ ಕಂಪ್ಯೂಟರಿನಲ್ಲಾದರೂ ಎಷ್ಟು ಸೆಕೆಂಡ್ ಎಂದು ಒತ್ತಿದರೆ ಆಗಿಬಿಡುತ್ತದೆ. ನನ್ನ ತಕರಾರು ಈ ಉಪಾಯದ ಮೇಲಿಲ್ಲ. ಹಾಡನ್ನು ಕೇಳಿಸಿಕೊಳ್ಳದೆಯೇ ಅದರ ಕೊನೆಯನ್ನು ಒಂದು ಅಂಕಿಗೆ ಒಪ್ಪಿಸುವ ಅಭ್ಯಾಸದ ಮೇಲೆ ನನ್ನ ತಕರಾರು. ನಮ್ಮ ಮನೆಗಳ ಹಾಡು, ನಮ್ಮ ಹೆಂಗಸರ ಹಾಡು ಇದರಲ್ಲಿ ಹೆಚ್ಚು ಪೆಟ್ಟು ತಿನ್ನುತ್ತಿವೆ ಎಂಬುದು ನಾನು ಕಂಡ ಸಂಗತಿ.

ಘಟ್ಟದ ಮೇಲಿನವರಾದ ನಮಗೆ ಸದ್ದು ಮುಗಿಯುವ ಎರಡು ಬಗೆ ರೈಲಿನಿಂದಲೇ ಗೊತ್ತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ ದಾರಿಯಲ್ಲಿ 57 ಸುರಂಗಗಳಿವೆ. ಗಾಡಿ ಗುಡ್ಡದ ಅಂಚನ್ನು ಬಳಸಿಕೊಂಡು ದೂರವಾಗುವಾಗ ಅದರ ಸದ್ದು ಎಳೆಎಳೆಯಾಗಿ ಕರಗುತ್ತದೆ. ಈಗಲೂ ಕೇಳುತ್ತಿದೆಯೋ, ಕೇಳುತ್ತಿದೆ ಎಂದು ನಾವೇ ಅಂದುಕೊಳ್ಳುತ್ತಿದ್ದೇವೋ ಎಂಬಷ್ಟು ಸಣ್ಣಗಾಗುತ್ತದೆ. ಅದೇ ಗಾಡಿ ಸುರಂಗಕ್ಕೆ ನುಗ್ಗಿತೋ, ಹೊರಗೆ ನಿಂತವರಿಗೆ ಯಾರೋ ಬಾಗಿಲು ಹಾಕಿದಂತಾಗುತ್ತದೆ. ಎರಡರಲ್ಲಿ ಯಾವುದೂ ತಪ್ಪಲ್ಲ. ದೂರ ಹೋಗುವ ಗಾಡಿ ಹಾಗೆ ಕೇಳಬೇಕು, ಸುರಂಗ ಹೊಕ್ಕ ಗಾಡಿ ಹೀಗೆ ಕೇಳಬೇಕು. ಮೊದಲನೆಯದರಲ್ಲಿ ಗಾಡಿ ನಿಂತಿಲ್ಲ, ನಮ್ಮ ಕಿವಿಗೆ ಸಿಗುತ್ತಿಲ್ಲ ಅಷ್ಟೆ. ಒಳ್ಳೆಯ ಫೇಡ್ ಹೇಳಬೇಕಾದದ್ದು ಇದನ್ನೇ: ಹಾಡು ಮುಗಿದಿಲ್ಲ, ಮುಂದೆ ಎಲ್ಲೋ ನಡೆದಿದೆ.

ಯಂತ್ರಗಳು ಬರುವ ಮೊದಲೇ ಇದನ್ನು ಅರಿತು ಮಾಡಿದವನೊಬ್ಬನಿದ್ದ. ಇಂಗ್ಲೆಂಡಿನ ಗುಸ್ತಾವ್ ಹೋಲ್ಸ್ಟ್ ಎಂಬ ಸಂಗೀತಗಾರ ನಮ್ಮ ಹಾಗೆ ಶಾಲೆಯ ಮೇಷ್ಟ್ರು. ಲಂಡನ್ನಿನ ಸೇಂಟ್ ಪಾಲ್ಸ್ ಹೆಣ್ಣುಮಕ್ಕಳ ಶಾಲೆಯಲ್ಲಿ 1905ರಿಂದ ಸಾಯುವ ತನಕ, ಎಂದರೆ 1934ರವರೆಗೆ, ಸಂಗೀತ ಕಲಿಸಿದ. ಗ್ರಹಗಳ ಮೇಲೆ ಅವನು ರಚಿಸಿದ ವಾದ್ಯಗೋಷ್ಠಿಯ ಕೃತಿ ಮೊದಲು ಕೇಳಿಬಂದದ್ದು 1918ರಲ್ಲಿ. ಅವನ ಬಲಗೈ ನೋವಿನಿಂದ ಸೋಲುತ್ತಿದ್ದುದರಿಂದ ಅಷ್ಟು ದೊಡ್ಡ ಕೃತಿಯನ್ನು ಬರೆದುಕೊಳ್ಳಲು ನೆರವಾದವರು ಅದೇ ಶಾಲೆಯ ಶಿಕ್ಷಕಿಯರು. ಕೊನೆಯ ಭಾಗ ನೆಪ್ಚೂನ್ ಗ್ರಹದ್ದು. ಅದರಲ್ಲಿ ಮಾತಿಲ್ಲದೆ ಬರಿಯ ದನಿಯಲ್ಲಿ ಹಾಡುವ ಹೆಂಗಸರ ಮೇಳವೊಂದಿದೆ. ಆ ಮೇಳ ವೇದಿಕೆಯ ಮೇಲೆ ಕಾಣಿಸಿಕೊಳ್ಳುವುದಿಲ್ಲ, ಪಕ್ಕದ ಕೋಣೆಯಲ್ಲಿ ನಿಂತು ಹಾಡುತ್ತದೆ. ಕೊನೆಗೆ ಆ ಕೋಣೆಯ ಬಾಗಿಲನ್ನು ಸದ್ದಿಲ್ಲದಂತೆ ನಿಧಾನವಾಗಿ ಮುಚ್ಚಬೇಕು, ದನಿ ದೂರದಲ್ಲಿ ಕರಗಿಹೋಗುವ ತನಕ ಕೊನೆಯ ತುಣುಕನ್ನೇ ಮತ್ತೆ ಮತ್ತೆ ಹಾಡುತ್ತಿರಬೇಕು ಎಂದು ಅವನು ಬರೆದಿಟ್ಟ. ಬಾಗಿಲು ಮುಚ್ಚುವವರಿಗೆ ಹಾಡು ತಿಳಿದಿರಬೇಕು, ಕೈ ಅಲುಗಬಾರದು. ಆಗಲೂ ಒಳಗಿನ ಹೆಂಗಸರು ಹಾಡನ್ನು ನಿಲ್ಲಿಸಿಲ್ಲ ಎಂಬ ಭಾವ ಹೊರಗೆ ಕೂತವರಿಗೆ ಉಳಿಯುತ್ತದೆ. ಫೇಡ್‌ನ ಇಡೀ ಮರ್ಮ ಆ ಬಾಗಿಲಿನಲ್ಲಿದೆ.

ನಮ್ಮ ಸಿನಿಮಾ ಹಾಡುಗಳಲ್ಲಿ ಇಂಥ ಒಳ್ಳೆಯ ಬಾಗಿಲುಗಳು ಎಷ್ಟೋ ಇವೆ. ನಾಯಕ ನಾಯಕಿ ಎತ್ತಿನ ಗಾಡಿಯಲ್ಲಿ ದೂರವಾಗುತ್ತಾರೆ, ಪಲ್ಲವಿ ಮತ್ತೆ ಮತ್ತೆ ಬರುತ್ತಾ ಸಣ್ಣಗಾಗುತ್ತದೆ. ಅಲ್ಲಿ ನಮಗೆ ಏನೂ ನಷ್ಟವಿಲ್ಲ, ಹೇಳಬೇಕಾದ ಮಾತೆಲ್ಲ ಹೇಳಿಯಾಗಿರುತ್ತದೆ. ಪಲ್ಲವಿಯನ್ನು ನಾವು ಮನಸ್ಸಿನಲ್ಲೇ ಮುಂದುವರಿಸಿಕೊಂಡು ಒಲೆಯ ಮುಂದೆ ಹೋಗಿ ನಿಲ್ಲುತ್ತೇವೆ. ರೇಡಿಯೊದಲ್ಲಿ ವಾರ್ತೆಯ ಹೊತ್ತಾದಾಗಲೂ ಹಾಡನ್ನು ತಗ್ಗಿಸುತ್ತಿದ್ದರು. ಆದರೆ ಒಳ್ಳೆಯ ಉದ್ಘೋಷಕಿಯಾದರೆ ಚರಣ ಮುಗಿದು ಕೊಳಲೋ ಪಿಟೀಲೋ ಬರುವ ತನಕ ಕಾಯುತ್ತಿದ್ದಳು. ಅವಳ ಬೆರಳು ಗಡಿಯಾರವನ್ನೂ ನೋಡುತ್ತಿತ್ತು, ಸಾಹಿತ್ಯವನ್ನೂ ಕೇಳುತ್ತಿತ್ತು.

ಸಿನಿಮಾ ಹಾಡಿಗೆ ಒಪ್ಪುವುದನ್ನು ಎಲ್ಲ ಹಾಡಿಗೂ ಹಚ್ಚಿದಾಗ ತೊಂದರೆ ಶುರು. ಕನ್ನಡದ ಹಾಡಿನ ದೊಡ್ಡ ಭಾಗ ತನ್ನ ಗುರುತನ್ನು ಇಟ್ಟುಕೊಂಡಿರುವುದು ಕೊನೆಯಲ್ಲಿ. ನಾವು ಮಕ್ಕಳಿಗೆ ಅಂಕಿತನಾಮ ಎಂದು ಪಾಠ ಮಾಡುತ್ತೇವಲ್ಲ, ಅದು. ಅಕ್ಕಮಹಾದೇವಿಯ ವಚನಕ್ಕೆ ಚೆನ್ನಮಲ್ಲಿಕಾರ್ಜುನ ಬಂದಾಗಲೇ ಅದು ಅಕ್ಕನದಾಗುವುದು. ಹೆಚ್ಚಿನ ವಚನಗಳಲ್ಲಿ ಅಂಕಿತ ಬರುವುದು ಕೊನೆಯ ಸಾಲಿನಲ್ಲಿ, ಬಹಳ ಸಲ ಕೊನೆಯ ಪದವಾಗಿಯೇ. ಹದಿನೆಂಟನೆಯ ಶತಮಾನದ ಹೆಳವನಕಟ್ಟೆ ಗಿರಿಯಮ್ಮ ಹೆಳವನಕಟ್ಟೆ ರಂಗನ ಹೆಸರಿಟ್ಟು ಹಾಡು ಮುಗಿಸಿದಳು. ಹತ್ತೊಂಬತ್ತನೆಯ ಶತಮಾನದ ಹರಪನಹಳ್ಳಿ ಭೀಮವ್ವ ಭೀಮೇಶಕೃಷ್ಣನ ಹೆಸರಿಟ್ಟಳು. ಈ ಹೆಣ್ಣುಮಕ್ಕಳ ಹಾಡು ನಮ್ಮ ತನಕ ಬಂದದ್ದು ಅಜ್ಜಿಯರ ಬಾಯಿಂದ, ಹಾಡಿನ ಪುಸ್ತಕಗಳಿಂದ. ಇದು ಇಂಥವಳ ಹಾಡು ಎಂದು ಹೇಳುವ ಸಾಕ್ಷಿ ಆ ಕೊನೆಯ ಹೆಸರು. ವಾಟ್ಸಾಪ್ ಸ್ಟೇಟಸ್ಸಿಗೆಂದು ಮೊದಲ ನಾಲ್ಕು ಸಾಲು ಕತ್ತರಿಸಿ, ನಯವಾಗಿ ತಗ್ಗಿಸಿ ಹಾಕಿದಾಗ ಕಳೆದುಹೋಗುವುದು ಆ ಹೆಸರೇ. ಕೇಳಲು ಏನೋ ಮುಗಿದಂತೆ ಇರುತ್ತದೆ, ಆದ್ದರಿಂದ ಕಳೆದದ್ದು ಯಾರಿಗೂ ಗೊತ್ತಾಗುವುದಿಲ್ಲ. ತಟ್ಟನೆ ಕತ್ತರಿಸಿದ್ದರೆ 'ಅಯ್ಯೋ, ಮುಂದೆ?' ಎಂದಾದರೂ ಕೇಳುತ್ತಿದ್ದೆವು.

ಇಲ್ಲೂ ಒಂದು ವಿವೇಕ ಬೇಕು. ದೇವರನಾಮದಲ್ಲಿ ಅಂಕಿತ ಇರುವುದು ಕೊನೆಯ ಚರಣದಲ್ಲಿ. ಅದಾದ ಮೇಲೆ ಹಾಡುವವರು ಪಲ್ಲವಿಗೆ ಮರಳುತ್ತಾರೆ. ಆ ಮರಳಿದ ಪಲ್ಲವಿಯಲ್ಲಿ ಸದ್ದು ತಗ್ಗಿಸಿದರೆ ಯಾರ ಹೆಸರೂ ಅಳಿಯುವುದಿಲ್ಲ. ವಚನದಲ್ಲಿ ಅದೇ ಹತ್ತು ಸೆಕೆಂಡ್ ತಗ್ಗಿಸಿದರೆ ಅಂಕಿತಕ್ಕೇ ಕುತ್ತು. ಹಾಡು ತಿಳಿದವರಿಗೆ ಈ ವ್ಯತ್ಯಾಸ ಕ್ಷಣದಲ್ಲಿ ತಿಳಿಯುತ್ತದೆ. 'ಎಲ್ಲಕ್ಕೂ ಹತ್ತು ಸೆಕೆಂಡ್' ಎಂದು ಗೊತ್ತುಮಾಡಿದ ಆ್ಯಪ್‌ಗೆ ಎರಡೂ ಒಂದೇ.

ಹಾಡನ್ನು ಚಿಕ್ಕದು ಮಾಡಲೇಬೇಕಾಗಿ ಬಂದರೆ ಹೇಗೆ ಮಾಡಬೇಕು ಎಂಬುದಕ್ಕೆ ನಮ್ಮ ಕಣ್ಣೆದುರಿಗೇ ಒಳ್ಳೆಯ ಮಾದರಿಯಿದೆ. ರಾಷ್ಟ್ರಗೀತೆಯನ್ನು ಪೂರ್ತಿ ಹಾಡಲು ಸುಮಾರು 52 ಸೆಕೆಂಡ್ ಬೇಕು. ಕೆಲವು ಸಂದರ್ಭಗಳಿಗೆ ಸುಮಾರು 20 ಸೆಕೆಂಡಿನ ಚಿಕ್ಕ ರೂಪವೂ ಇದೆ. ಅದರಲ್ಲಿರುವುದು ಮೊದಲ ಸಾಲು ಮತ್ತು ಕೊನೆಯ ಸಾಲು. ನಿಯಮ ಮಾಡಿದವರು ಮೊದಲ 20 ಸೆಕೆಂಡ್ ಹಾಡಿ ಮೆಲ್ಲಗೆ ತಗ್ಗಿಸಿ ಎನ್ನಲಿಲ್ಲ. ನಡುವಿನದನ್ನು ಬಿಟ್ಟು ಕೊನೆಯನ್ನು ಉಳಿಸಿದರು. ನಮ್ಮ ನಾಡಗೀತೆಯ ಕಥೆಯೂ ಹೇಳುವಂಥದ್ದೇ. ಕುವೆಂಪು ಅವರ ಗೀತೆ 2004ರಲ್ಲಿ ನಾಡಗೀತೆಯಾಯಿತು. ಎಷ್ಟು ಹೊತ್ತು, ಯಾವ ಧಾಟಿ ಎಂಬ ಚರ್ಚೆ ಹದಿನೆಂಟು ವರ್ಷ ನಡೆಯಿತು. 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ, ಪೂರ್ಣ ಪಾಠವನ್ನು, ಆಲಾಪ ಮತ್ತು ಪುನರಾವರ್ತನೆ ಇಲ್ಲದೆ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು ಆದೇಶಿಸಿತು. ಧಾಟಿಯ ಬಗ್ಗೆ ಅವರವರ ರುಚಿ ಅವರವರಿಗೆ. ಆದರೆ ಹೊತ್ತನ್ನು ಉಳಿಸಿದ ಬಗೆ ನನಗೆ ಒಪ್ಪಿಗೆ. ಮತ್ತೆ ಮತ್ತೆ ಹಾಡುವುದನ್ನು ಬಿಟ್ಟರು, ಸಾಹಿತ್ಯವನ್ನು ಮುಟ್ಟಲಿಲ್ಲ.

ಇನ್ನು ಫೇಡ್ ಮಾಡಲೇಬೇಕು ಎಂದಾಗ ಯಂತ್ರ ಅದನ್ನು ಸರಿಯಾಗಿ ಮಾಡುತ್ತದೆಯೇ? ಇದು ನನಗೆ ಬಹಳ ದಿನ ಬಿಡಿಸಲಾಗದ ಒಗಟಾಗಿತ್ತು. ಹತ್ತು ಸೆಕೆಂಡ್ ಎಂದು ಕೊಟ್ಟರೂ ಹಾಡು ಮೊದಲು ತಗ್ಗಿದಂತೆಯೇ ತೋರುವುದಿಲ್ಲ, ಕೊನೆಗೆ ಇದ್ದಕ್ಕಿದ್ದಂತೆ ಕಾಲು ಜಾರಿ ಬಿದ್ದಂತೆ ಇಲ್ಲವಾಗುತ್ತದೆ. ನಾನು ಓದಿದ್ದು ಬಿ.ಎ., ಬಿ.ಎಡ್.; ವಿಜ್ಞಾನದ ಸಹೋದ್ಯೋಗಿಗಳನ್ನು ಕೇಳಿ ತಿಳಿದದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ.

ಕಂಪ್ಯೂಟರಿನ ಸರಳ ಫೇಡ್ ಸದ್ದಿನ ಅಲೆಯನ್ನು ನೇರ ಗೆರೆಯಲ್ಲಿ ಇಳಿಸುತ್ತದೆ. ಪ್ರತಿ ಸೆಕೆಂಡಿಗೆ ಹತ್ತರಲ್ಲಿ ಒಂದು ಪಾಲು ಕಳೆಯುತ್ತದೆ. ಲೆಕ್ಕಕ್ಕೆ ಇದು ಸಮವೇ. ಆದರೆ ನಮ್ಮ ಕಿವಿ ಕಳೆಯುವ ಲೆಕ್ಕ ಮಾಡುವುದಿಲ್ಲ, ಭಾಗಿಸುವ ಲೆಕ್ಕ ಮಾಡುತ್ತದೆ. ದೀಪಾವಳಿಯ ರಾತ್ರಿ ನೂರು ಹಣತೆಗಳಲ್ಲಿ ಒಂದು ಆರಿದರೆ ಯಾರಿಗೂ ತಿಳಿಯುವುದಿಲ್ಲ. ಎರಡೇ ಹಣತೆ ಇರುವ ಜಗಲಿಯಲ್ಲಿ ಒಂದು ಆರಿದರೆ ಮನೆಮಂದಿಗೆಲ್ಲ ತಿಳಿಯುತ್ತದೆ. ಸದ್ದೂ ಹಾಗೆಯೇ. ಅದನ್ನು ಅಳೆಯುವ ಡೆಸಿಬಲ್ ಎಂಬ ಅಳತೆಗೆ ಹೆಸರು ಬಂದದ್ದು ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್‌ನಿಂದ. ಅವನು ಕಿವುಡ ಮಕ್ಕಳ ಮೇಷ್ಟ್ರಾಗಿದ್ದವನು. ಅವನ ತಾಯಿಗೂ ಕಿವಿ ಮಂದ, ಹೆಂಡತಿಗೂ ಕೇಳುತ್ತಿರಲಿಲ್ಲ. ಸುಮಾರು 10 ಡೆಸಿಬಲ್ ಇಳಿದರೆ ನಮ್ಮ ಕಿವಿಗೆ ಸದ್ದು ಅರ್ಧವಾದಂತೆ ಕೇಳುತ್ತದೆ. ನೇರ ಗೆರೆಯಲ್ಲಿ ಇಳಿಸಿದಾಗ ಹತ್ತು ಸೆಕೆಂಡಿನ ಫೇಡ್‌ನಲ್ಲಿ ಆ ಅರ್ಧ ಬರುವುದು ಏಳನೆಯ ಸೆಕೆಂಡಿನ ಹತ್ತಿರ. ಒಂಬತ್ತನೆಯ ಸೆಕೆಂಡಿಗೆ ಕಾಲು ಭಾಗ ಉಳಿದಂತಿರುತ್ತದೆ. ಉಳಿದ ಆ ಕಾಲು ಭಾಗ ಕೊನೆಯ ಒಂದೇ ಸೆಕೆಂಡಿನಲ್ಲಿ ಮಾಯ. ಬಾಗಿಲನ್ನು ಒಂಬತ್ತು ಸೆಕೆಂಡ್ ಎಳೆದಾಡಿ ಕೊನೆಗೆ ಧಡ್ ಎಂದು ಹಾಕಿದ ಹಾಗೆ.

ಇದು ಯಾರಿಗೂ ಗೊತ್ತಿಲ್ಲದ ರಹಸ್ಯವೇನಲ್ಲ. ಹಳೆಯ ರೇಡಿಯೊಗಳ ವಾಲ್ಯೂಂ ತಿರುಪನ್ನು ಮಾಡುವವರು ಬೇಕೆಂದೇ ಅದರ ತಡೆಯನ್ನು ಅಸಮವಾಗಿ ಮಾಡುತ್ತಿದ್ದರು, ಕಿವಿಗೆ ಸಮವಾಗಿ ಕೇಳಲಿ ಎಂದು. ಇಂದಿನ ಸಾಫ್ಟ್‌ವೇರುಗಳಲ್ಲೂ ದಾರಿಯಿದೆ. 2000ದಲ್ಲಿ ಹೊರಬಂದ, ದುಡ್ಡಿಲ್ಲದೆ ಸಿಗುವ ಆಡಾಸಿಟಿಯನ್ನೇ ನೋಡಿ. ಅದರಲ್ಲಿ 'ಫೇಡ್ ಔಟ್' ಎಂದು ಒತ್ತಿದರೆ ಸಿಗುವುದು ನೇರ ಗೆರೆ. ಅದರ ಜೊತೆಗೇ 'ಸ್ಟುಡಿಯೋ ಫೇಡ್ ಔಟ್' ಇದೆ, ಬಾಗಿದ ಗೆರೆಗಳನ್ನು ಆರಿಸಿಕೊಳ್ಳುವ 'ಅಡ್ಜಸ್ಟಬಲ್ ಫೇಡ್' ಇದೆ, ಅಲೆಯ ಮೇಲೆ ಚುಕ್ಕಿಯಿಟ್ಟು ಎಲ್ಲಿ ಎಷ್ಟು ಇಳಿಯಬೇಕೆಂದು ನಾವೇ ಎಳೆಯಬಹುದಾದ 'ಎನ್ವಲಪ್' ಇದೆ. ರಂಗೋಲಿ ಹಾಕಿ ಅಭ್ಯಾಸವಿರುವ ಕೈಗೆ ಅದು ಕಷ್ಟದ ಕೆಲಸವೇ ಅಲ್ಲ. ನನ್ನ ಆಕ್ಷೇಪ ಇಷ್ಟೆ: ಸುಲಭದ ಗುಂಡಿಗೆ ಕಿವಿಗೆ ಒಪ್ಪದ ಗೆರೆಯನ್ನು ಕೊಟ್ಟು, ಕಿವಿಗೆ ಒಪ್ಪುವ ಗೆರೆಯನ್ನು ಹುಡುಕಿಕೊಳ್ಳುವವರಿಗೆ ಬಿಟ್ಟಿದ್ದಾರೆ. ಹೆಚ್ಚಿನವರು ಸುಲಭದ ಗುಂಡಿಯನ್ನೇ ಒತ್ತುತ್ತಾರೆ.

ಒಂದು ಹಾಡನ್ನು ತಗ್ಗಿಸುತ್ತಲೇ ಇನ್ನೊಂದನ್ನು ಏರಿಸುವುದಕ್ಕೆ ಕ್ರಾಸ್‌ಫೇಡ್ ಎನ್ನುತ್ತಾರೆ. ಸ್ಪಾಟಿಫೈಯಂಥ ಆ್ಯಪ್‌ಗಳಲ್ಲಿ ಇದನ್ನು 12 ಸೆಕೆಂಡ್‌ವರೆಗೆ ಇಟ್ಟುಕೊಳ್ಳಬಹುದು. ಅಲ್ಲೂ ಒಂದು ಸೂಕ್ಷ್ಮವಿದೆ. ನಡುದಾರಿಯಲ್ಲಿ ಎರಡೂ ಹಾಡನ್ನು ಅರ್ಧರ್ಧಕ್ಕೆ ಇಟ್ಟರೆ ಒಟ್ಟು ಸದ್ದು ಅಷ್ಟೇ ಇರಬೇಕೆಂದು ನಮ್ಮ ಎಣಿಕೆ. ಹಾಗಾಗುವುದಿಲ್ಲ; ಬೇರೆ ಬೇರೆ ಎರಡು ಹಾಡಾದರೆ ಒಟ್ಟು ಸದ್ದು 3 ಡೆಸಿಬಲ್‌ನಷ್ಟು ಕುಸಿದು ನಡುವೆ ಹಳ್ಳ ಬೀಳುತ್ತದೆ. ಅದು ಬೀಳದಿರಬೇಕಾದರೆ ನಡುದಾರಿಯಲ್ಲಿ ಎರಡೂ ನೂರಕ್ಕೆ ಎಪ್ಪತ್ತರಷ್ಟು ಇರಬೇಕು. ಎಳೆಮಗುವನ್ನು ಒಬ್ಬರ ತೊಡೆಯಿಂದ ಇನ್ನೊಬ್ಬರ ತೊಡೆಗೆ ದಾಟಿಸುವಾಗ ನಾವು ಮಾಡುವುದೂ ಇದನ್ನೇ ಅಲ್ಲವೆ? ಅರ್ಧ ನೀವು ಹಿಡಿಯಿರಿ, ಅರ್ಧ ನಾನು ಬಿಡುತ್ತೇನೆ ಎಂದರೆ ಮಗು ನೆಲಕ್ಕೆ ಬಿದ್ದೀತು. ಆ ಗಳಿಗೆಯಲ್ಲಿ ಇಬ್ಬರೂ ಅರ್ಧಕ್ಕಿಂತ ಹೆಚ್ಚು ಹಿಡಿದಿರುತ್ತೇವೆ. ಆದರೆ ಗೆರೆ ಎಷ್ಟೇ ನಯವಾಗಿರಲಿ, ಒಂದು ವಚನದ ಅಂಕಿತದ ಮೇಲೆ ಇನ್ನೊಂದು ಹಾಡಿನ ಡೋಲು ಬಡಿಯುವುದು ಶೋಭೆಯಲ್ಲ. ಕುಣಿಯುವ ಹಾಡುಗಳ ಸಾಲಿಗೆ ಕ್ರಾಸ್‌ಫೇಡ್ ಇರಲಿ. ಹೇಳುವ ಹಾಡುಗಳಿಗೆ ಅದನ್ನು ಸೊನ್ನೆಗೆ ಇಳಿಸಿಡುವುದೇ ಮರ್ಯಾದೆ.

ಇಷ್ಟನ್ನೆಲ್ಲ ಯೋಚಿಸುವಂತೆ ಮಾಡಿದ್ದು ಒಂದು ಹಳೆಯ ಕ್ಯಾಸೆಟ್. 1993ರಲ್ಲಿ ಆಲೂರು ಕಡೆಯ ಹಳ್ಳಿಯಲ್ಲಿ ನನ್ನ ನಾದಿನಿಯ ಮದುವೆ. ಹಸೆಗೆ ಕರೆಯುವಾಗ, ಅರಿಶಿನ ಹಚ್ಚುವಾಗ, ಆರತಿ ಎತ್ತುವಾಗ ನಮ್ಮ ಅತ್ತೆಯವರ ಸೋದರತ್ತೆ ಮುಂದೆ ನಿಂತು ಸೋಬಾನೆ ಹಾಡಿದ್ದರು. ಅವರು ಒಂದು ಸಾಲು ಎತ್ತಿದರೆ ಉಳಿದ ಹೆಂಗಸರು ಅದನ್ನೇ ಮರಳಿ ಹಾಡುವುದು ಪದ್ಧತಿ. ಯಾರೋ ಟೇಪ್‌ರೆಕಾರ್ಡರ್ ಒತ್ತಿಟ್ಟಿದ್ದರು. ಅಜ್ಜಿ ಹೋಗಿ ಎಷ್ಟೋ ವರ್ಷಗಳಾದ ಮೇಲೆ ಆ ಕ್ಯಾಸೆಟ್ಟನ್ನು ಪೆನ್ ಡ್ರೈವ್‌ಗೆ ಹಾಕಿಸೋಣವೆಂದು ಪೇಟೆಯ ಒಂದು ಅಂಗಡಿಗೆ ಕೊಟ್ಟೆವು. ಅವರು ಅಚ್ಚುಕಟ್ಟಾಗಿ ಹಾಡುಗಳನ್ನು ಬಿಡಿಸಿ, ಪ್ರತಿ ಹಾಡಿಗೂ ಮುಂದೆ ಐದು ಸೆಕೆಂಡ್, ಹಿಂದೆ ಐದು ಸೆಕೆಂಡ್ ಫೇಡ್ ಹಾಕಿ ಕೊಟ್ಟರು. ಕೇಳಲು ಸಿನಿಮಾ ಕ್ಯಾಸೆಟ್ಟಿನಂತೆಯೇ ನಯವಾಗಿತ್ತು. ಮನೆಯಲ್ಲಿ ಎಲ್ಲರೂ ಕೂತು ಕೇಳಿದಾಗ ನಾದಿನಿ ಒಂದೇ ಮಾತು ಕೇಳಿದಳು, "ಅತ್ತಿಗೆ, ಇದರಲ್ಲಿ ಅಜ್ಜಿ ಎಲ್ಲಿ?"

ಅವಳು ಕೇಳಿದ್ದು ಸರಿಯಾಗಿತ್ತು. ಅಜ್ಜಿ ಒಬ್ಬರೇ ಎತ್ತುತ್ತಿದ್ದ ಮೊದಲ ಸಾಲು ಆ ಐದು ಸೆಕೆಂಡಿನ ಏರಿಕೆಯಲ್ಲಿ ಪಿಸುಮಾತಾಗಿ ಹೋಗಿತ್ತು. ಸದ್ದು ಪೂರ್ತಿ ಏರುವ ಹೊತ್ತಿಗೆ ಮೇಳದವರು ಶುರು ಮಾಡಿರುತ್ತಿದ್ದರು. ಹಾಡಿನ ಮುಂದಾಳು ಹಿಂದಾಗಿ, ಹಿಂಬಾಲಿಸಿದವರು ಮುಂದಾಗಿದ್ದರು. ಕ್ಯಾಸೆಟ್ ನಮ್ಮಲ್ಲೇ ಇತ್ತು. ನಮ್ಮ ಶಾಲೆಯ ಕನ್ನಡ ಮೇಷ್ಟ್ರ ಮಗಳು ಡಿಗ್ರಿ ಓದುತ್ತಿದ್ದವಳು, ಹಳೆಯ ಟೇಪ್‌ರೆಕಾರ್ಡರಿಗೆ ವೈರು ಸಿಕ್ಕಿಸಿ ತನ್ನ ಕಂಪ್ಯೂಟರಿಗೆ ಎರಡನೆಯ ಸಲ ಅದನ್ನು ಇಳಿಸಿದಳು. ತುದಿಗಳನ್ನು ಹಾಗೆಯೇ ಬಿಟ್ಟಳು. ಕತ್ತರಿಸಿದ ಕಡೆ ಟಕ್ ಎಂದು ಸದ್ದು ಬರದಿರಲೆಂದು ಸೆಕೆಂಡಿನ ನೂರನೆಯ ಒಂದು ಪಾಲಿನಷ್ಟು ಮಾತ್ರ ಏರಿಳಿಸಿದಳು. ಅಷ್ಟು ಸಾಕು, ಕಿವಿಗೆ ಅದು ತಿಳಿಯುವುದೂ ಇಲ್ಲ. ಆಗ ಅಜ್ಜಿಯ ಒಂಟಿದನಿ ಇದ್ದಂತೆಯೇ ಕೇಳಿತು. ಆರತಿ ಹಾಡು ಮುಗಿದ ಮೇಲೆ, ಅಂಗಡಿಯವರ ನಯವಾದ ಇಳಿಕೆ ನುಂಗಿಹಾಕಿದ್ದ ಜಾಗದಲ್ಲಿ, ಅಜ್ಜಿ ಹಾಡಿನ ದನಿ ಬಿಟ್ಟು ಆಡುದನಿಯಲ್ಲಿ ಅಂದದ್ದು ಕೇಳಿತು: "ಸಾಕು ಬಿಡ್ರವ್ವ, ಹುಡ್ಗಿ ಕಾಲು ನೋಯ್ತದೆ, ಕೂರ್ಸಿ." ನಾದಿನಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮದುವೆಯ ದಿನ ಅದು ಅವಳ ಕಿವಿಗೆ ಬಿದ್ದಿರಲಿಲ್ಲವಂತೆ.

ಅಂಗಡಿಯವರ ದೃಷ್ಟಿಯಲ್ಲಿ ಆ ಮಾತು ಹಾಡಲ್ಲ, ಗಲಾಟೆ. ನಮಗೆ ಅದು ಅಜ್ಜಿಯ ಅಂಕಿತ.

ಇದನ್ನು ಮನೆಮಟ್ಟಿಗಿನ ಮೋಹ ಎಂದು ಯಾರಾದರೂ ಅಂದರೆ ಅವರಿಗೆ ಗೌಹರ್ ಜಾನ್ ಕಥೆ ಹೇಳಬೇಕು. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಯವರು ಧ್ವನಿಮುದ್ರಣ ಮಾಡಿದಾಗ ಹಾಡಿದ ಹೆಸರಾಂತ ಗಾಯಕಿ ಆಕೆ. ತಟ್ಟೆಯಲ್ಲಿ ಹಿಡಿಯುತ್ತಿದ್ದುದು ಮೂರು ನಿಮಿಷದಷ್ಟು. ಹಾಡು ಮುಗಿದ ಕೂಡಲೇ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದರು. ತಟ್ಟೆಗಳು ಅಚ್ಚಾಗುತ್ತಿದ್ದುದು ದೂರದ ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯವರಿಗೆ ಯಾರ ಹಾಡೆಂದು ತಿಳಿಯಲು ಈ ಉಪಾಯ. ಆ ಕೊನೆಯ ಮಾತೇ ಆಕೆಯ ಗುರುತಾಗಿ, 2010ರಲ್ಲಿ ಬೆಂಗಳೂರಿನ ವಿಕ್ರಂ ಸಂಪತ್ ಅವರು ಬರೆದ ಜೀವನಚರಿತ್ರೆಗೆ ಹೆಸರೂ ಅದೇ ಆಯಿತು. ನಮಗೂ ಆಕೆಗೂ ನಂಟಿದೆ. ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದ ಆಸರೆಯಲ್ಲಿದ್ದ ಆಕೆ ತೀರಿಕೊಂಡದ್ದು ಮೈಸೂರಿನಲ್ಲಿ, 1930ರ ಜನವರಿ 17ರಂದು. ಈಗ ಯೋಚಿಸಿ. ಆ ತಟ್ಟೆಗಳನ್ನು ಇಂದು ಯಾರಾದರೂ ಕಂಪ್ಯೂಟರಿಗೆ ಇಳಿಸಿ, 'ಎಲ್ಲಕ್ಕೂ ಹಿಂದೆ ಐದು ಸೆಕೆಂಡ್' ಎಂದು ಒತ್ತಿದರೆ? ಹಾಡಿನ ಬಹುಪಾಲು ಉಳಿಯುತ್ತದೆ, ಹಾಡಿದವಳ ಹೆಸರು ಹೋಗುತ್ತದೆ.

ಹಾಗಾದರೆ ಶಾಲೆಯಲ್ಲಿ, ಮನೆಯಲ್ಲಿ ನಾವು ಏನು ಮಾಡಬಹುದು? ನೃತ್ಯಕ್ಕೆ ಹಾಡು ಆರಿಸುವಾಗ ಮೊದಲ ಸಾಲಿಗಿಂತ ಮೊದಲು ಕೊನೆಯ ಅರ್ಧ ನಿಮಿಷ ಕೇಳಿ. ಹೊತ್ತು ಹೆಚ್ಚಾದರೆ ನಡುವಿನ ಒಂದು ಚರಣ ಬಿಡಿ, ಕೊನೆಯನ್ನು ಉಳಿಸಿ. ರಾಷ್ಟ್ರಗೀತೆಯ ಚಿಕ್ಕ ರೂಪ ಕಲಿಸುವ ಪಾಠ ಅದು. ತಗ್ಗಿಸಲೇಬೇಕಾದರೆ ಮರಳಿ ಬಂದ ಪಲ್ಲವಿಯ ಮೊದಲಲ್ಲಿ ಶುರುಮಾಡಿ, ಬಾಗಿದ ಗೆರೆಯಲ್ಲಿ ಇಳಿಸಿ. ಬಯಲಿನ ವೇದಿಕೆಯಾದರೆ ಇಳಿಕೆ ಚಿಕ್ಕದಿರಲಿ, ಏಕೆಂದರೆ ಜನರೇಟರ್ ಸದ್ದಿನಲ್ಲಿ, ಮಕ್ಕಳ ಗಲಭೆಯಲ್ಲಿ ಅದರ ಬಾಲ ಯಾರಿಗೂ ಕೇಳುವುದಿಲ್ಲ. ಹಾಡು ನಿಂತುಹೋಯಿತೆಂದೇ ಮಕ್ಕಳು ತಿಳಿಯುತ್ತಾರೆ. ಕೋಣೆಯೊಳಗಾದರೆ ಉದ್ದ ಇರಬಹುದು. ಮೈಕ್‌ಸೆಟ್ಟಿನ ಹುಡುಗನನ್ನು ಗದರಬೇಡಿ. ಕಾರ್ಯಕ್ರಮಕ್ಕೆ ಮೊದಲು ಒಂದು ಲೋಟ ಕಾಫಿ ಕೊಟ್ಟು, ಹಾಡುಗಳ ಕೊನೆಯನ್ನು ಅವನಿಗೂ ಕೇಳಿಸಿ, ಕ್ರಾಸ್‌ಫೇಡ್ ಸೊನ್ನೆಗೆ ಇಳಿಸಿಕೋ ಅಂತ ಹೇಳಿ. ಹಾಡಿನ ಕೊನೆ ತಿಳಿದವನ ಬೆರಳು ತಾನಾಗಿ ಕಾಯುತ್ತದೆ.

ಹಳೆಯ ಕ್ಯಾಸೆಟ್ ಇರುವವರಿಗೆ ಇನ್ನೊಂದು ಮಾತು. ಅಂಗಡಿಗೆ ಕೊಡುವಾಗ "ಏನೂ ತಿದ್ದದೆ, ಟೇಪಿನ ಮೊದಲಿಂದ ಕೊನೆಯ ತನಕ ಇದ್ದ ಹಾಗೇ ಒಂದು ಪ್ರತಿ ಕೊಡಿ" ಎಂದು ಚೀಟಿಯಲ್ಲಿ ಬರೆದು ಕೊಡಿ. ನಯಮಾಡಿದ ಪ್ರತಿ ಬೇಕಿದ್ದರೆ ಆಮೇಲೆ ಮಾಡಿಸಿಕೊಳ್ಳಬಹುದು. ಕ್ಯಾಸೆಟ್ಟನ್ನೂ ಎಸೆಯಬೇಡಿ. ತಗ್ಗಿಸಿ ಉಳಿಸಿದ ಪ್ರತಿಯಿಂದ ಹೋದದ್ದನ್ನು ಇದ್ದ ಹಾಗೆ ಮರಳಿ ಎತ್ತಲು ಆಗುವುದಿಲ್ಲ.

ನಮ್ಮ ಹಾಡುಗಳಲ್ಲಿ ಕೊನೆಯ ಜಾಗ ಬಿಡುವಿನ ಜಾಗವಾಗಿರಲಿಲ್ಲ. ಬರೆದವಳು ಅಲ್ಲಿ ಹೆಸರಿಟ್ಟಳು, ಹಾಡಿದವಳು ಅಲ್ಲಿ ತನ್ನ ಹೆಸರು ಹೇಳಿದಳು, ಹಿರಿಯಳು ಅಲ್ಲಿ ನಿಂತ ಹುಡುಗಿಯ ಕಾಲುನೋವು ನೆನೆದಳು. ಬದುಕಿನಲ್ಲಿ ಎಷ್ಟೋ ಕಡೆ ಹೆಂಗಸರ ಮಾತಿಗೆ ಹೊತ್ತು ಸಿಗುವುದು ಎಲ್ಲರದೂ ಮುಗಿದ ಮೇಲೆಯೇ. ಆ ಐದು ಸೆಕೆಂಡನ್ನಾದರೂ ಪೂರ್ತಿ ಸದ್ದಿನಲ್ಲಿ ಕೇಳೋಣ.